ಗೌರವ್ವನ ಅರವತ್ತು ನಿಮಿಷ

ಮೂವತ್ತೊಂದು ವರ್ಷ ಏನು ಕೆಲಸ ಮಾಡಿದಿರಿ ಎಂದು ಯಾರಾದರೂ ಕೇಳಿದರೆ, ಎಷ್ಟು ಹೊತ್ತು ಸುಮ್ಮನಿರಬೇಕೆಂದು ಯಂತ್ರಗಳಿಗೆ ಹೇಳಿಕೊಡುತ್ತಿದ್ದೆ ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ಸುಮ್ಮನಿರುವುದನ್ನು ಕಲಿಸಲು ಇಂಜಿನಿಯರ್ ಬೇಕೇ ಎನ್ನುತ್ತಾರೆ. ಬೇಕು. ಮೋಟಾರು ತಿರುಗಿಸುವುದು, ದೀಪ ಹೊತ್ತಿಸುವುದು, ಸಂದೇಶ ಕಳಿಸುವುದು, ಇವೆಲ್ಲ ಪ್ರೋಗ್ರಾಂ ಬರೆಯುವವರು ಕೆಲವು ವಾರಗಳಲ್ಲಿ ಕಲಿಯುವ ವಿದ್ಯೆ. ಎರಡು ಕೆಲಸಗಳ ನಡುವೆ ಹೇಳಿದಷ್ಟೇ ಹೊತ್ತು, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ ನಿಲ್ಲಿಸುವ ವಿದ್ಯೆಗೆ ನನ್ನ ಇಡೀ ವೃತ್ತಿ ಹಿಡಿಯಿತು. ಪೂರ್ತಿ ಕಲಿತೆನೆಂದು ಈಗಲೂ ಧೈರ್ಯವಾಗಿ ಹೇಳಲಾರೆ.

ಈ ಕ್ಷೇತ್ರಕ್ಕೆ ಹೊಸದಾಗಿ ಬರುತ್ತಿರುವ ಕಿರಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವ ವರ್ಷ ಯಾವ ಹುದ್ದೆ ಸಿಕ್ಕಿತೆಂಬುದು ನಿಮಗೆ ಬೇಡ. ನಾನು ಎಲ್ಲಿ ತಪ್ಪಿದೆ, ಆ ತಪ್ಪಿಗೆ ಯಾರು ಬೆಲೆ ತೆತ್ತರು ಎಂಬುದಷ್ಟೇ ನಿಮಗೆ ಉಪಯೋಗಕ್ಕೆ ಬಂದೀತು.

ಶಿಕಾರಿಪುರದಲ್ಲಿ ಕಾಲೇಜು ಓದುವಾಗ ನಾನು ಚರ್ಚಾಸ್ಪರ್ಧೆಗಳ ಹುಡುಗಿ. ವಿಷಯ ಯಾವುದೇ ಇರಲಿ, ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಎದುರಾಳಿಯ ವಾದದಲ್ಲಿ ಬಿರುಕು ಎಲ್ಲಿದೆಯೆಂದು ಅವರು ಎರಡನೆಯ ವಾಕ್ಯ ಮುಗಿಸುವುದರೊಳಗೆ ನನಗೆ ಗೊತ್ತಾಗುತ್ತಿತ್ತು. ಅದರ ಜೊತೆಗೇ ಇನ್ನೊಂದು ನಂಬಿಕೆಯೂ ಬೆಳೆದಿತ್ತು. ಮನುಷ್ಯರಿಗೆ ದಾಕ್ಷಿಣ್ಯವಿದೆ, ಭಯವಿದೆ, ನೆಂಟಸ್ತನವಿದೆ. ಆದ್ದರಿಂದ ಹಂಚಿಕೆಯ ಕೆಲಸವನ್ನು ಯಂತ್ರಕ್ಕೆ ವಹಿಸಿದರೆ ಬಡವರಿಗೆ ನ್ಯಾಯ ಸಿಗುತ್ತದೆ ಎಂಬ ನಂಬಿಕೆ. ಇವೆರಡನ್ನೂ ಕಟ್ಟಿಕೊಂಡು ನಾನು ಶಿವಮೊಗ್ಗದ ಒಂದು ಸಣ್ಣ ಕಂಪನಿ ಸೇರಿದೆ. ಗಿರಣಿ, ಪಂಪು, ಗೇಟುಗಳನ್ನು ತಾನಾಗಿ ನಡೆಸುವ ಪೆಟ್ಟಿಗೆಗಳನ್ನು ತಯಾರಿಸುವ ಕಂಪನಿ ಅದು. ಯಜಮಾನರು ಶ್ರೀಕಂಠ ಸಾರ್.

ಮೊದಲ ತಪ್ಪು ಶಿಕಾರಿಪುರದ ಒಂದು ಅಕ್ಕಿ ಗಿರಣಿಯಲ್ಲಿ. ಚೀಲದ ಬಾಯಿಗೆ ಅಕ್ಕಿ ಬೀಳುವ ಕೊಳವೆ ಎಷ್ಟು ಹೊತ್ತು ತೆರೆದಿರಬೇಕೆಂದು ಪ್ರೋಗ್ರಾಂ ಹೇಳಬೇಕಿತ್ತು. ಆ ಕಾಲದ ರೂಢಿಯಂತೆ ನಾನು ಯಂತ್ರಕ್ಕೆ ಒಂದರಿಂದ ಕೆಲವು ಲಕ್ಷದವರೆಗೆ ಸುಮ್ಮನೆ ಎಣಿಸಲು ಹೇಳಿದ್ದೆ. ಎಣಿಸಿ ಮುಗಿಯುವಷ್ಟರಲ್ಲಿ ಬೇಕಾದ ಹೊತ್ತು ಕಳೆದಿರುತ್ತಿತ್ತು. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಹಳೆಯ ಬೋರ್ಡು ಕೆಟ್ಟು, ಹೊಸದನ್ನು ಹಾಕಿದ ದಿನ ಚೀಲಗಳೆಲ್ಲ ಅರ್ಧ ತುಂಬಿ ಹೊರಬಂದವು. ಗಿರಣಿಯ ಯಜಮಾನರು ಫೋನ್ ಮಾಡಿದರು.

"ಏನ್ರಿ ಮೇಡಂ, ಸೋಮವಾರ ಅಂತ ನಿಮ್ ಚೀಲಾನೂ ಉಪವಾಸ ಹಿಡಿದಾವೇನ್ರಿ?"

ಶ್ರೀಕಂಠ ಸಾರ್ ನನ್ನ ಬರಹವನ್ನು ಒಂದು ನಿಮಿಷ ನೋಡಿ ಹೇಳಿದರು. "ಶಶಿಕಲಾ, ನೀನು ಹತ್ತು ಸೆಕೆಂಡ್ ನಿಲ್ಲು ಅಂತ ಹೇಳೇ ಇಲ್ಲ. ಇಷ್ಟು ಎಣಿಸು ಅಂತ ಹೇಳಿದೀಯ. ಹೊಸ ಬೋರ್ಡ್ ಬೇಗ ಬೇಗ ಎಣಿಸ್ತು. ಅದರದ್ದೇನು ತಪ್ಪು?" ಗಿರಣಿಯವರಿಗೆ ಮಾತ್ರ ಅವರು, ಬೋರ್ಡ್ ಬದಲಾಗಿದ್ದರಿಂದ ಹೀಗಾಯಿತು ಎಂದಷ್ಟೇ ಹೇಳಿದರು. ನನ್ನ ಹೆಸರು ಬರಲಿಲ್ಲ. ಆಗ ಅದು ಔದಾರ್ಯವೆಂದು ನನಗೆ ಅನ್ನಿಸಿತ್ತು.

ಆಮೇಲಿನ ಪೆಟ್ಟಿಗೆಗಳಲ್ಲಿ ಪುಟ್ಟ ಕಂಪ್ಯೂಟರುಗಳೇ ಬಂದವು. ಈಗ ಎಣಿಸುವ ಕೆಲಸವಿಲ್ಲ. ಪ್ರೋಗ್ರಾಮಿನೊಳಗೆ ನಡೆಯುತ್ತಿರುವ ಒಂದು ಎಳೆಯನ್ನು, ನಾವು ಅದನ್ನು ಥ್ರೆಡ್ ಎನ್ನುತ್ತೇವೆ, ಇಷ್ಟು ಹೊತ್ತು ಮಲಗಿಸು ಎಂದು ಆಪರೇಟಿಂಗ್ ಸಿಸ್ಟಮ್ಮಿಗೆ ಕೇಳಿಕೊಂಡರೆ ಸಾಕು. ಹೊತ್ತಾದ ಮೇಲೆ ಅದೇ ಎಬ್ಬಿಸುತ್ತದೆ. ಈ ವಿಧಾನದಲ್ಲಿ ಸೊರಬದ ಒಂದು ಕಾಲೇಜಿಗೆ ತಾನಾಗಿ ಹೊಡೆಯುವ ಗಂಟೆ ಮಾಡಿಕೊಟ್ಟೆ. ಗಂಟೆ ಹೊಡಿ, ನಲವತ್ತೈದು ನಿಮಿಷ ಮಲಗು, ಮತ್ತೆ ಹೊಡಿ. ಗಂಟೆ ಹೊಡೆಯುವುದಕ್ಕೇ ಎಂಟು ಸೆಕೆಂಡು ಹಿಡಿಯುತ್ತದೆಂಬುದನ್ನು ಕಳೆಯಲು ಮರೆತಿದ್ದೆ. ದಿನಕ್ಕೆ ಒಂದು ನಿಮಿಷದಂತೆ ಗಂಟೆ ಹಿಂದೆ ಬಿತ್ತು. ಹದಿನೈದು ದಿನವಾದ ಮೇಲೆ ಅಲ್ಲಿನ ಅಧ್ಯಾಪಕರು ಫೋನ್ ಮಾಡಿದರು.

"ಮೇಡಂ, ನಿಮ್ಮ ಗಂಟೆ ಹೊಡೆಯೋದ್ರೊಳಗೆ ಉಳವಿ ಬಸ್ಸು ಹೋಗಿ ಆಗಿರ್ತದೆ. ಮಕ್ಕಳು ಎಂತ ಮಾಡ್ಬೇಕು, ನಡ್ಕೊಂಡು ಹೋಗ್ಬೇಕಾ?"

ಈ ಎರಡು ತಪ್ಪುಗಳನ್ನು ಜನ ನಗುತ್ತ ಕ್ಷಮಿಸಿದರು. ಆದ್ದರಿಂದಲೇ ನಾನು ಅವುಗಳಿಂದ ಸಾಕಷ್ಟು ಕಲಿಯಲಿಲ್ಲವೆಂದು ತೋರುತ್ತದೆ. ಮೂರನೆಯದಕ್ಕೆ ಯಾರೂ ನಗಲಿಲ್ಲ.

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಕೆರೆಯಿದೆ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬೇಸಗೆಯ ಭತ್ತಕ್ಕೆ ಆ ಕೆರೆಯ ನೀರನ್ನು ಪಾಳಿಯ ಮೇಲೆ ಬಿಡುತ್ತಿದ್ದರು. ಪಾಳಿ ಅಳೆಯಲು ಅಲ್ಲಿ ಒಂದು ತಾಮ್ರದ ಬಟ್ಟಲಿತ್ತು. ಅದರ ತಳದಲ್ಲಿ ಸೂಜಿಮೊನೆಯಷ್ಟು ತೂತು. ನೀರುಗಂಟಿ, ಅಂದರೆ ಕೆರೆಯ ನೀರು ಬಿಡುವ ಹೊಣೆಯವನು, ತೂಬು ಎತ್ತಿದ ಕೂಡಲೇ ಆ ಬಟ್ಟಲನ್ನು ಒಂದು ಹಂಡೆ ನೀರಿನ ಮೇಲೆ ತೇಲಿಬಿಡುತ್ತಿದ್ದ. ಅದು ತುಂಬಿ ಮುಳುಗಲು ಹತ್ತು ನಿಮಿಷ. ಒಬ್ಬೊಬ್ಬರಿಗೆ ಇಷ್ಟಿಷ್ಟು ಬಟ್ಟಲು ಎಂದು ಹಿಂದಿನಿಂದ ನಡೆದು ಬಂದಿತ್ತು. ಅಳತೆಯಲ್ಲಿ ದೋಷವಿರಲಿಲ್ಲ. ಆದರೆ ಬಟ್ಟಲು ಮುಳುಗಿದ ಮೇಲೂ ತೂಬಿನ ಹತ್ತಿರದ ದೊಡ್ಡ ಗದ್ದೆಯವರು "ಇನ್ನೊಂಚೂರು ಇರ್ಲಿ ಬಿಡೋ" ಎಂದರೆ ನೀರುಗಂಟಿ ಹುಚ್ಚಪ್ಪನಿಗೆ ತೂಬು ಇಳಿಸುವ ಧೈರ್ಯ ಬರುತ್ತಿರಲಿಲ್ಲ. ಕಾಲುವೆಯ ತುದಿಯವರಿಗೆ ಉಳಿದದ್ದು ಕೆಸರು.

ತೂಬಿಗೆ ಮೋಟಾರು ಗೇಟು ಹಾಕಿ, ಅದನ್ನು ಪ್ರೋಗ್ರಾಮಿಗೆ ಒಪ್ಪಿಸಬೇಕೆಂದು ನೀರು ಬಳಕೆದಾರರ ಸಂಘದಲ್ಲಿ ಎಲ್ಲರಿಗಿಂತ ಹೆಚ್ಚು ಹಟ ಹಿಡಿದವರು ತುದಿಗದ್ದೆಯ ಗೌರವ್ವ. ಐವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡ ಮೇಲೆ ಒಂದೂವರೆ ಎಕರೆ ಗದ್ದೆಯನ್ನು ತಾವೇ ನಿಂತು ಮಾಡಿಸುತ್ತಿದ್ದರು. ಪೆಟ್ಟಿಗೆ ಕೂರಿಸಲು ಹೋದ ದಿನ ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕೇಳಿದರು.

"ಮೇಡಂ, ಇದಕ್ಕೆ ಯಾರ ಮುಲಾಜೂ ಇರಂಗಿಲ್ಲ ಅಲ್ರಿ?"

"ಇಲ್ಲ ಗೌರವ್ವ."

"ಅಧ್ಯಕ್ಷರು ಬಂದು ಹೇಳಿದ್ರೂ?"

"ಪ್ರಧಾನಿ ಬಂದು ಹೇಳಿದರೂ ಇಲ್ಲ."

"ಹಂಗಾರೆ ಆತು ಬಿಡ್ರಿ," ಎಂದು ಎದ್ದರು. ನನ್ನ ಕಾಲೇಜಿನ ದಿನಗಳ ಎಲ್ಲ ಭಾಷಣಗಳಿಗೂ ಅಂದು ಅರ್ಥ ಬಂತೆಂದು ನನಗೆ ತೋರಿತು.

ನಾನು ಬರೆದ ಪ್ರೋಗ್ರಾಂ ಹೀಗಿತ್ತು. ಆ ಊರಿನಲ್ಲಿ ಕರೆಂಟು ಹೋಗಿಬರುತ್ತಿತ್ತು. ಪ್ರತಿ ಸಲ ಹೋದಾಗ ಪೆಟ್ಟಿಗೆಯ ಗಡಿಯಾರ ಸೊನ್ನೆಗೆ ಮರಳುತ್ತಿತ್ತು. ಆದ್ದರಿಂದ ನಾನು ಗಡಿಯಾರವನ್ನು ನಂಬದೆ ನಿಲುಗಡೆಗಳನ್ನೇ ನಂಬಿದೆ. ಗೌರವ್ವನ ಪಾಳಿ ಅರವತ್ತು ನಿಮಿಷ, ಬಟ್ಟಲಿನ ಅಳತೆಯಲ್ಲಿ ಆರು. ಅದನ್ನು ಐದೈದು ನಿಮಿಷದ ಹನ್ನೆರಡು ತುಂಡು ಮಾಡಿದೆ. ಐದು ನಿಮಿಷ ಮಲಗು, ಎದ್ದು ನೀರಿನ ಮಟ್ಟ ನೋಡು, ಒಂದು ತುಂಡು ಮುಗಿಯಿತೆಂದು ಬರೆದುಕೊ, ಮತ್ತೆ ಮಲಗು. ಹನ್ನೆರಡು ಮುಗಿದರೆ ಗೇಟು ಇಳಿಸು, "ಅರವತ್ತು ನಿಮಿಷ ಕೊಡಲಾಯಿತು" ಎಂದು ದಾಖಲಿಸು.

ಇದಕ್ಕೆ ನಾನೇ ಹೆಮ್ಮೆಯಿಂದ ಸೇರಿಸಿದ ಒಂದು ಅನುಕೂಲವಿತ್ತು. ತುದಿಗದ್ದೆಯಿಂದ ತೂಬು ಎರಡು ಕಿಲೋಮೀಟರು ದೂರ, ಕಣ್ಣಿಗೆ ಕಾಣುವುದಿಲ್ಲ. ಗೇಟಿನ ಪೆಟ್ಟಿಗೆಯೊಳಗೆ ಫೋನಿನಂತೆ ಕರೆ ಹಿಡಿಯುವ ಒಂದು ಮೋಡೆಮ್ಮು ಕೂರಿಸಿ, ಅದಕ್ಕೊಂದು ಸಿಮ್ ಹಾಕಿದೆ. ಯಾರು ಬೇಕಾದರೂ ಅದಕ್ಕೆ ಮಿಸ್ಡ್ ಕಾಲ್ ಕೊಟ್ಟರೆ "ಇನ್ನು ಮೂವತ್ತೈದು ನಿಮಿಷ ಬಾಕಿ" ಎಂದು ಸಂದೇಶ ಬರುತ್ತಿತ್ತು. ಒಂದು ಪೈಸೆ ಖರ್ಚಿಲ್ಲ. ಊರಿನವರಿಗೆ ಇದು ಬಹಳ ಹಿಡಿಸಿತು. ಮಗಳು ಬಸ್ಸಿಳಿದರೆ ಒಂದು ಮಿಸ್ಡ್ ಕಾಲ್, ಹಾಲಿನ ಗಾಡಿ ಬಂದರೆ ಒಂದು ಮಿಸ್ಡ್ ಕಾಲ್ ಎಂದು ಬದುಕುವ ಜನ. ಗೇಟನ್ನೂ ಆ ಬಳಗಕ್ಕೆ ಸೇರಿಸಿಕೊಂಡರು.

ಎರಡನೆಯ ಬೇಸಗೆಯಲ್ಲಿ ದೂರು ಬಂತು. ಗೌರವ್ವನಿಂದಲ್ಲ, ಗೌರವ್ವನ ಮೇಲೆ. ಅವರು ಒಂದು ಮಧ್ಯಾಹ್ನ ತೂಬಿನ ತನಕ ನಡೆದು ಬಂದು, ಇಳಿದಿದ್ದ ಗೇಟನ್ನು ಕೈಚಕ್ರ ತಿರುಗಿಸಿ ಎತ್ತಿದ್ದರು. ಪಾಳಿ ಮುರಿಯುವುದು ಆ ಕೆರೆಯಲ್ಲಿ ಸಣ್ಣ ಅಪರಾಧವಲ್ಲ. ಸಂಘದ ಸಭೆ ಭಾನುವಾರ ಕರೆದರು. ಪೆಟ್ಟಿಗೆಯ ದಾಖಲೆ ತೋರಿಸಲು ನನ್ನನ್ನೂ ಕರೆಸಿದರು.

ಡೈರಿ ಪಕ್ಕದ ಸಂಘದ ಕೋಣೆ. ಅಧ್ಯಕ್ಷ ಬಸವರಾಜಪ್ಪನವರು ಗಂಭೀರವಾಗಿ ಕೇಳಿದರು. "ಗೌರವ್ವ, ನೀನೇ ಮಿಷನ್ ಬೇಕು ಅಂತ ಕುಣಿದಾಕಿ. ಈಗ ನೀನೇ ಕೈ ಹಾಕಿದ್ಯಲ್ಲ?"

"ನನ್ನ ನೀರು ಮುಗಿದಿರ್ಲಿಲ್ರಿ. ಗೇಟು ಮೊದ್ಲೇ ಬಿತ್ತು. ಈ ಸಲ ಅಷ್ಟೇ ಅಲ್ಲ, ಎಲ್ಲಾ ಸಲಾನೂ ಹಂಗೇ ಆಗೇತಿ. ಬಾಕಿಯವರಿಗೆ ಸರಿ ಬರ್ತತಿ, ನನಗೊಬ್ಬಾಕಿಗೆ ಬರಂಗಿಲ್ಲ."

"ಅದಕ್ಕೆ ಪುರಾವೆ?"

ಗೌರವ್ವ ಹುಚ್ಚಪ್ಪನ ಕಡೆ ನೋಡಿದರು. ಹುಚ್ಚಪ್ಪ ಎದ್ದು ನಿಂತ. "ಅಕ್ಕ ಕೇಳಿಕೊಂಡ್ರು ಅಂತ ಹಳೇ ಬಟ್ಟಲು ಬಿಟ್ಟಿದ್ದೆ ಸಾಮಿ. ಗೇಟು ಎದ್ದು ಬೀಳೋದ್ರೊಳಗೆ ನಾಕೇ ಸಲ ಮುಳುಗ್ತು."

ಆಗ ನನ್ನ ಸರದಿ. ನಾನು ಎದ್ದೆ. ಅಂದು ಆಡಿದ ಮಾತುಗಳು ನನಗೆ ಅಕ್ಷರಶಃ ನೆನಪಿವೆ. ಮರೆಯಲು ಬಹಳ ಪ್ರಯತ್ನಿಸಿದ್ದೇನೆ. ಮೊದಲಿಗೆ ದಾಖಲೆ ಓದಿದೆ. ಹನ್ನೆರಡು ತುಂಡು, ಅರವತ್ತು ನಿಮಿಷ. ಎರಡನೆಯದಾಗಿ, ಬಟ್ಟಲಿನ ತೂತು ಸವೆದು ಹಿಗ್ಗಬಹುದು, ಪಾಚಿ ಕಟ್ಟಿ ಕುಗ್ಗಲೂಬಹುದು. ಅದು ಸಾಕ್ಷಿಯಾಗಲಾರದು ಎಂದೆ. ಮೂರನೆಯದಾಗಿ, ಒಂದು ಯಂತ್ರ ಎಲ್ಲರಿಗೂ ಸರಿಯಾಗಿದ್ದು ಒಬ್ಬರಿಗೆ ಮಾತ್ರ ತಪ್ಪಾಗಲು ಅದಕ್ಕೆ ಗೌರವ್ವನ ಹೆಸರು ಗೊತ್ತಿರಬೇಕು, ಯಂತ್ರಕ್ಕೆ ಹೆಸರು ಗೊತ್ತಿರುವುದಿಲ್ಲ ಎಂದೆ. ಕೋಣೆಯಲ್ಲಿ ನಗು ಎದ್ದಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಕೊನೆಯದಾಗಿ, ಈ ಯಂತ್ರ ಬಂದದ್ದರಿಂದ ಕೆಲಸ ಕಳೆದುಕೊಂಡವರು ಹುಚ್ಚಪ್ಪನವರು. ಅವರ ಸಾಕ್ಷಿಯನ್ನು ಎಷ್ಟು ನಂಬಬೇಕೆಂಬುದನ್ನು ಸಭೆಯೇ ಯೋಚಿಸಲಿ" ಎಂದೆ.

ಹುಚ್ಚಪ್ಪ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಕೂತ. ಗೌರವ್ವನ ಮುಂದಿನ ಎರಡು ಪಾಳಿಗಳನ್ನು ಸಂಘ ರದ್ದು ಮಾಡಿತು. ಮೊದಲನೆಯದು ಬರುವ ಶುಕ್ರವಾರ.

ಹೊರಗೆ ಚಪ್ಪಲಿ ಮೆಟ್ಟುವಾಗ ಗೌರವ್ವ ನನ್ನ ಹತ್ತಿರ ಬಂದರು. ಬೈಯುತ್ತಾರೆಂದುಕೊಂಡೆ. "ಗದ್ದೆ ಹೊಡೆ ಕಟ್ಟಾಕ ನಿಂತತಿ ಮೇಡಂ, ಒಳಗ ತೆನಿ ಕೂಡೋ ಹೊತ್ತು. ಶುಕ್ರವಾರ ನೀರಿಲ್ಲ ಅಂದ್ರೆ ಕಾಳು ನಿಲ್ಲಂಗಿಲ್ಲ, ಬರೀ ಜೊಳ್ಳು," ಎಂದು, ಹವಾಮಾನದ ವಿಷಯ ಹೇಳುವ ಹಾಗೆ ಹೇಳಿ ಹೋದರು.

ಕಾಲೇಜಿನಲ್ಲಿ ನಾನು ಗೆದ್ದಾಗ ಸೋತವರು ಬಂದು ಕೈ ಕುಲುಕುತ್ತಿದ್ದರು. ಆಮೇಲೆ ಎಲ್ಲರೂ ಒಟ್ಟಿಗೆ ಚಹಾ ಕುಡಿಯುತ್ತಿದ್ದೆವು. ಆ ದಿನ ಶಿವಮೊಗ್ಗದ ಬಸ್ಸಿನಲ್ಲಿ ಕೂತಾಗ ಗೌರವ್ವನ ಮಾತೇ ಮತ್ತೆ ಮತ್ತೆ ನೆನಪಾಯಿತು. ಸುಳ್ಳು ಹೇಳುವವರು ಜೊಳ್ಳಿನ ಮಾತನ್ನು ಅಷ್ಟು ತಣ್ಣಗೆ ಹೇಳುತ್ತಾರೆಯೇ?

ಸೋಮವಾರ ಪ್ರೋಗ್ರಾಮನ್ನು ಮೂರು ಸಲ ಓದಿದೆ. ತಪ್ಪು ಕಾಣಲಿಲ್ಲ. ಮಂಗಳವಾರ ಬೆಳಿಗ್ಗೆ ತಡೆಯಲಾಗಲಿಲ್ಲ. ಅಂದು ಹನ್ನೊಂದಕ್ಕೆ ಅಧ್ಯಕ್ಷರ ಪಾಳಿ. ನಾನು ಆಫೀಸಿನಲ್ಲಿ ಕೂತೇ ಗೇಟಿಗೆ ಮಿಸ್ಡ್ ಕಾಲ್ ಕೊಟ್ಟೆ. ಬಾಕಿ ನಿಮಿಷದ ಸಂದೇಶ ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಕೊಟ್ಟೆ. ಮತ್ತೆ ಬಂತು. ಪ್ರತಿ ಉತ್ತರವೂ ಕ್ರಮವಾಗಿ, ಶಿಸ್ತಾಗಿ ಇಳಿಯುತ್ತಿತ್ತು. ಅದನ್ನು ಗಡಿಯಾರದ ಜೊತೆ ಹೋಲಿಸಲು ಮಾತ್ರ ನನಗೆ ಹೊಳೆಯಲಿಲ್ಲ. ಒಂದೊಂದು ಸಂದೇಶಕ್ಕೂ ಆತಂಕ ಒಂದಿಷ್ಟು ಇಳಿದು, ಎರಡು ನಿಮಿಷಕ್ಕೆ ಮತ್ತೆ ಏರುತ್ತಿತ್ತು. ಒಂಬತ್ತು ಸಲ ಕೊಟ್ಟೆ.

ಸಂಜೆ ಬಸವರಾಜಪ್ಪನವರ ಫೋನ್. "ಮೇಡಂ, ಇವತ್ತು ನಂದೂ ಯಾಕೋ ಬೇಗ ಬಂದ್ ಆತು. ಕಾಲು ಗಂಟೆ ಮ್ಯಾಲೇ ಕಮ್ಮಿ ಬಂದಂಗೆ ಆತು. ಪೆಟ್ಟಿಗಿ ಏನಾರ ಕೆಟ್ಟತೇನು ಒಂಚೂರು ನೋಡ್ರಿ."

"ನೋಡ್ತೀನಿ ಸಾರ್" ಎಂದು ಫೋನಿಟ್ಟೆ. ಇಟ್ಟ ಮೇಲೆ ಒಂದು ವಿಷಯ ಹೊಳೆಯಿತು. ಅವರ ಮಾತನ್ನು ನಾನು ಆ ಕ್ಷಣವೇ ನಂಬಿದ್ದೆ. ಪುರಾವೆ ಕೇಳಲಿಲ್ಲ, ಬಟ್ಟಲಿನ ತೂತಿನ ಬಗ್ಗೆ ಮಾತಾಡಲಿಲ್ಲ. ಅದೇ ಮಾತನ್ನು ಗೌರವ್ವ ಹೇಳಿದಾಗ ನಾನು ನಾಲ್ಕು ಅಂಶಗಳಲ್ಲಿ ಖಂಡಿಸಿದ್ದೆ.

ಅಂದಮೇಲೆ ಪ್ರಶ್ನೆ ಬದಲಾಯಿತು. ಗೌರವ್ವನ ಪಾಳಿಗೂ ಅಧ್ಯಕ್ಷರ ಆ ದಿನದ ಪಾಳಿಗೂ ಸಮಾನವಾದದ್ದೇನು? ಬುಧವಾರ ಬೆಳಿಗ್ಗೆ ಆಫೀಸಿನಿಂದಲೇ ಮೋಡೆಮ್ಮಿಗೆ ಬಂದ ಕರೆಗಳ ಪಟ್ಟಿ ತೆಗೆದೆ. ತೂಬಿನ ಹತ್ತಿರದ ಗದ್ದೆಯವರಿಗೆ ಗೇಟು ಕಣ್ಣೆದುರೇ ಇದೆ, ಅವರು ಕಾಲ್ ಕೊಡುವುದೇ ಇಲ್ಲ. ನಡುವಿನವರು ಒಂದೋ ಎರಡೋ. ಗೌರವ್ವ, ಗೇಟು ಎತ್ತಿದ ದಿನ, ಎಂಟು. ಅಧ್ಯಕ್ಷರ ಪಾಳಿಯಲ್ಲಿ ಒಂಬತ್ತು, ಎಲ್ಲವೂ ನನ್ನ ಸಂಖ್ಯೆಯಿಂದ.

ಆಫೀಸಿನಲ್ಲಿ ಅಂಥದೇ ಇನ್ನೊಂದು ಪೆಟ್ಟಿಗೆಯಿತ್ತು. ಅದನ್ನು ಮೇಜಿನ ಮೇಲಿಟ್ಟು, ತುಂಡು ಮುಗಿದಾಗ ಹೊತ್ತುವ ಹಾಗೆ ಒಂದು ದೀಪ ಜೋಡಿಸಿ, ಸ್ಟಾಪ್‌ವಾಚ್ ಒತ್ತಿದೆ. ಎರಡು ನಿಮಿಷವಾದಾಗ ಮಿಸ್ಡ್ ಕಾಲ್ ಕೊಟ್ಟೆ. ಅದೇ ಕ್ಷಣ ದೀಪ ಹೊತ್ತಿತು. ಐದು ನಿಮಿಷದ ತುಂಡು ಎರಡೇ ನಿಮಿಷಕ್ಕೆ ಮುಗಿದಿತ್ತು. ದಾಖಲೆಯಲ್ಲಿ ಐದು ಎಂದೇ ಬರೆದಿತ್ತು.

ವಿಷಯ ಇಷ್ಟು. ಮಲಗಿಸಿದ ಥ್ರೆಡ್ ಹೊತ್ತಾದ ಮೇಲೆ ಮಾತ್ರ ಏಳುತ್ತದೆಂದು ನಾನು ತಿಳಿದಿದ್ದೆ. ಆದರೆ ನಡುವೆ ಪ್ರೋಗ್ರಾಮಿಗೆ ಒಂದು ಸಿಗ್ನಲ್, ಅಂದರೆ ತುರ್ತು ಕರೆ, ಬಂದರೆ ಅದು ಅರ್ಧಕ್ಕೇ ಏಳುತ್ತದೆ. ಎದ್ದು, "ನನ್ನನ್ನು ನಡುವೆ ಎಬ್ಬಿಸಿದರು, ಇನ್ನಿಷ್ಟು ಹೊತ್ತು ಬಾಕಿಯಿತ್ತು" ಎಂದು ಪ್ರಾಮಾಣಿಕವಾಗಿ ಬರೆದುಕೊಡುತ್ತದೆ. ಆ ಬಾಕಿ ಬರೆದುಕೊಡುವ ಜಾಗವನ್ನು ನಾನು ಖಾಲಿ ಬಿಟ್ಟಿದ್ದೆ. ಯಾಕೆ ಎದ್ದೆ ಎಂದು ಕೇಳಿಯೂ ಇರಲಿಲ್ಲ. ಎದ್ದಿತೆಂದರೆ ಹೊತ್ತಾಯಿತು ಎಂದುಕೊಂಡಿದ್ದೆ. ಮಿಸ್ಡ್ ಕಾಲ್ ಬಂದಾಗಲೆಲ್ಲ ಮೋಡೆಮ್ಮು ಪ್ರೋಗ್ರಾಮಿಗೆ ಅಂಥ ಸಿಗ್ನಲ್ ಕಳಿಸುತ್ತಿತ್ತು. ನಾವು ನಿಲುಗಡೆಯನ್ನು ಒಂದು ದಿನ ಪರೀಕ್ಷಿಸಿದ್ದೆವು, ಮಿಸ್ಡ್ ಕಾಲನ್ನು ಇನ್ನೊಂದು ದಿನ. ಎರಡನ್ನೂ ಒಟ್ಟಿಗೆ ಪರೀಕ್ಷಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಗೌರವ್ವನ ಎಂಟು ಮಿಸ್ಡ್ ಕಾಲ್‌ಗಳ ವೇಳೆಯನ್ನು ಹಾಳೆಯ ಮೇಲೆ ಜೋಡಿಸಿದೆ. ಕಳೆದುಹೋದದ್ದು ಇಪ್ಪತ್ತು ನಿಮಿಷದ ಆಸುಪಾಸು. ಅವರಿಗೆ ಸಿಕ್ಕಿದ್ದು ನಲವತ್ತು. ಹುಚ್ಚಪ್ಪನ ಬಟ್ಟಲು ನಾಲ್ಕು ಸಲ ಮುಳುಗಿತ್ತು. ಕಾಲುವೆ ತುಂಬಿ ನೀರು ತುದಿ ಮುಟ್ಟುವುದಕ್ಕೇ ಕಾಲು ಗಂಟೆ ಬೇಕು. ಉಳಿದದ್ದರಲ್ಲಿ ಗದ್ದೆಯ ಅರ್ಧವೂ ನೆನೆಯದು. ನೀರು ಸಾಲದೆ ಬಂದಷ್ಟೂ ಅವರ ಆತಂಕ ಹೆಚ್ಚಿತು, ಆತಂಕ ಹೆಚ್ಚಿದಷ್ಟೂ ಕಾಲ್ ಕೊಟ್ಟರು, ಕೊಟ್ಟಷ್ಟೂ ನೀರು ಕಡಿಮೆಯಾಯಿತು. ಯಂತ್ರಕ್ಕೆ ಹೆಸರು ಗೊತ್ತಿರುವುದಿಲ್ಲ ಎಂದು ನಾನು ಜನರನ್ನು ನಗಿಸಿದ್ದೆ. ಯಾರು ಹೆಚ್ಚು ಹೆದರಿದ್ದಾರೆಂಬುದು ಅದಕ್ಕೆ ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಶ್ರೀಕಂಠ ಸಾರ್ ಕೋಣೆಗೆ ಹೋದೆ. ಎಲ್ಲ ಕೇಳಿ ಅವರು ಕನ್ನಡಕ ತೆಗೆದಿಟ್ಟರು.

"ಸರಿಮಾಡೋಕೆ ಎಷ್ಟು ಹೊತ್ತು ಬೇಕು?"

"ಇವತ್ತು ಸಂಜೆಯೊಳಗೆ ಆಗುತ್ತೆ ಸಾರ್."

"ಹಾಗಾದ್ರೆ ನಾಳೆ ಹೋಗಿ ಹಾಕಿ ಬಾ. ಸರ್ವಿಸ್‌ಗೆ ಬಂದಿದ್ದೆ ಅನ್ನು."

"ಗೌರವ್ವನ ಪಾಳಿ ಶುಕ್ರವಾರ ಇತ್ತು ಸಾರ್. ರದ್ದಾಗಿದೆ."

"ಅದು ಸಂಘದ ತೀರ್ಮಾನ ಕಣಮ್ಮ. ನಮ್ಮದಲ್ಲ."

"ತೀರ್ಮಾನ ಅವರದ್ದು, ಸಾಕ್ಷಿ ನಾನು ಹೇಳಿದ್ದು."

ಅವರು ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿದರು. "ಇನ್ನೂ ಎಂಟು ಕೆರೆಯವರು ಇದೇ ಪೆಟ್ಟಿಗೆ ಕೇಳ್ತಿದಾರೆ. ಇಲ್ಲಿ ಹದಿನಾಲ್ಕು ಜನರ ಸಂಸಾರ ನಡೀತಿದೆ. ಗಿರಣಿಯ ಚೀಲದ ದಿನ ನೆನಪಿದೆಯಾ? ನಿನ್ನ ಹೆಸರು ಬರದ ಹಾಗೆ ನೋಡ್ಕೊಂಡೆ."

"ಅವತ್ತು ಯಾರನ್ನೂ ಸುಳ್ಳಿ ಅಂತ ಕರೆದಿರಲಿಲ್ಲ ಸಾರ್."

"ಹೋಗು ಅಂತ ನಾನು ಹೇಳಲ್ಲ," ಎಂದರು ಕೊನೆಗೆ. "ಬೇಡ ಅಂತಲೂ ಹೇಳಲ್ಲ." ಅವರ ಮೇಲೆ ನನಗೆ ಆಗ ಸಿಟ್ಟು ಬಂದಿತ್ತು. ಈಗ ಹದಿನಾಲ್ಕು ಸಂಸಾರಗಳ ಮುಖಗಳು ನೆನಪಾದರೆ ಆ ಸಿಟ್ಟು ಅಷ್ಟು ಸುಲಭವಾಗಿ ಬರುವುದಿಲ್ಲ.

ಗುರುವಾರ ಬೆಳಿಗ್ಗೆಯ ಬಸ್ಸು. ದಾರಿಯುದ್ದಕ್ಕೂ ಮಾತು ಜೋಡಿಸಲು ನೋಡಿದೆ. ಒಂದು ವಾಕ್ಯವೂ ನಿಲ್ಲಲಿಲ್ಲ. ಎಂಥ ವಿಷಯ ಕೊಟ್ಟರೂ ವಿರೋಧ ಮಾತಾಡಬಲ್ಲೆನೆಂದು ಜಂಬಪಟ್ಟವಳಿಗೆ ತನ್ನದೇ ಮಾತಿಗೆ ವಿರೋಧ ಹೇಳಲು ಬರುತ್ತಿರಲಿಲ್ಲ. ಸಭೆ ಸೇರಿಸಬೇಕೆಂದು ಬಸವರಾಜಪ್ಪನವರಿಗೆ ಹಿಂದಿನ ಸಂಜೆಯೇ ಹೇಳಿದ್ದೆ. ಇಪ್ಪತ್ತು ಜನ ಬಂದಿದ್ದರು. ಗೌರವ್ವ ಬಾಗಿಲ ಹತ್ತಿರ, ಒಳಗೆ ಬಾರದೆ ನಿಂತಿದ್ದರು.

"ಭಾನುವಾರ ನಾನು ಹೇಳಿದ್ದು ತಪ್ಪು," ಎಂದು ಶುರುಮಾಡಿದೆ. "ಗೌರವ್ವ ಹೇಳಿದ್ದು ಸರಿ. ಹುಚ್ಚಪ್ಪನವರ ಬಟ್ಟಲೂ ಸರಿ." ಮುಂದಿನದನ್ನು ಹೇಗೆ ತಿಳಿಸುವುದೆಂದು ತೋಚದೆ ತಡವರಿಸಿದೆ. ಆಮೇಲೆ ಹುಚ್ಚಪ್ಪನ ಕಡೆ ತಿರುಗಿದೆ. "ಬಟ್ಟಲು ಇನ್ನೂ ತೇಲುತ್ತಿದೆ ಅಂದುಕೊಳ್ಳಿ. ಯಾರೋ ಬಂದು ಎಷ್ಟಾಯಿತಪ್ಪ ಅಂತ ಕೇಳ್ತಾರೆ. ಕೇಳಿದ ಕೂಡಲೇ ಬೆಚ್ಚಿಬಿದ್ದು, ಅರ್ಧ ತುಂಬಿದ ಬಟ್ಟಲನ್ನ ಎತ್ತಿ ಚೆಲ್ಲಿ, ಒಂದು ಮುಳುಗಿತು ಅಂತ ಬರೆದುಕೊಳ್ಳೋ ನೀರುಗಂಟಿ ಇದ್ದರೆ ಹೇಗೆ? ನನ್ನ ಪೆಟ್ಟಿಗೆ ಅದನ್ನೇ ಮಾಡ್ತಿತ್ತು. ಮಿಸ್ಡ್ ಕಾಲ್ ಬಂದಾಗಲೆಲ್ಲ."

ಹುಚ್ಚಪ್ಪ ಮುಖ ಎತ್ತಿದ. "ನಾ ಹಂಗ್ ಮಾಡಿದ್ರೆ ಅವತ್ತೇ ಕೆರೆ ಏರಿ ಮ್ಯಾಲಿಂದ ಓಡಿಸ್ತಿದ್ರಲ್ರಿ ಎಲ್ರೂ!"

ಕೋಣೆ ನಕ್ಕಿತು. ಬಸವರಾಜಪ್ಪನವರು ಮಾತ್ರ ಹುಬ್ಬು ಗಂಟಿಕ್ಕಿದರು. "ಅಲ್ರಿ, ಮಂಗಳವಾರ ನನ್ನ ಪಾಳಿಗೆ ನಾ ಕಾಲ್ ಕೊಟ್ಟೇ ಇಲ್ಲ."

"ನಾನು ಕೊಟ್ಟಿದ್ದೆ ಸಾರ್. ಒಂಬತ್ತು ಸಲ."

"ನೀವಾ?"

"ಯಂತ್ರ ಸರಿಯಾಗಿದೆಯಾ ಅಂತ ನೋಡೋಕೆ."

ಹಿಂದಿನಿಂದ ಯಾರೋ ಕೂಗಿದರು. "ಅಧ್ಯಕ್ಷರ ನೀರು ಕದ್ದೋರು ಮೇಡಂ ಅಂತಾತು! ಇವರ ಎರಡು ಪಾಳಿ ಬಂದ್ ಮಾಡ್ರಪ್ಪ!" ಈ ಸಲದ ನಗು ಬಸವರಾಜಪ್ಪನವರನ್ನೂ ಮುಟ್ಟಿತು. ಗೌರವ್ವನ ಪಾಳಿಗಳು ಮರಳಿ ಬಂದವು. ನಾನು ಹುಚ್ಚಪ್ಪನ ಮುಂದೆ ಹೋಗಿ, ಅವನ ಸಾಕ್ಷ್ಯದ ಬಗ್ಗೆ ಆಡಿದ ಮಾತಿಗೆ ಕ್ಷಮೆ ಕೇಳಿದೆ. "ಇರ್ಲಿ ಬಿಡ್ರಿ," ಎಂದ. ಇರಲಿ ಬಿಡಿ ಎಂದವರೆಲ್ಲ ಬಿಟ್ಟಿರುವುದಿಲ್ಲವೆಂದು ಅವನ ಮುಖ ಹೇಳುತ್ತಿತ್ತು.

ಗೌರವ್ವ ಹೊರಗೆ ಕಾಯುತ್ತಿದ್ದರು. "ಭಾನುವಾರ ಭಾಳ ಚಂದ ಮಾತಾಡಿದ್ರಿ ಮೇಡಂ," ಎಂದರು. "ಇವತ್ತು ಅಷ್ಟು ಚಂದ ಬರ್ಲಿಲ್ಲ. ಆದ್ರೆ ತಿಳೀತು."

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಅವರ ಪಾಳಿ. ಹಿಂದಿನ ಸಂಜೆ ಪೆಟ್ಟಿಗೆಗೆ ಹಾಕಿದ್ದ ಹೊಸ ಪ್ರೋಗ್ರಾಮಿನಲ್ಲಿ ಇಷ್ಟು ಹೊತ್ತು ಮಲಗು ಎಂದು ಹೇಳಿರಲಿಲ್ಲ. ಹೊಂದಿಸಿ ತಿರುಗಿಸಲಾಗದ, ಮುಂದಕ್ಕೆ ಮಾತ್ರ ಓಡುವ ಒಳಗಡಿಯಾರವೊಂದು ಸಿಸ್ಟಮ್ಮಿನಲ್ಲಿರುತ್ತದೆ. ಪ್ರತಿ ತುಂಡಿಗೂ ಅದರ ಪ್ರಕಾರ ಇಂಥ ಕ್ಷಣದವರೆಗೆ ಮಲಗು, ನಡುವೆ ಯಾರೇ ಎಬ್ಬಿಸಿದರೂ ಉತ್ತರ ಕೊಟ್ಟು, ಆ ಕ್ಷಣ ಬಂದಿಲ್ಲವಾದರೆ ಮತ್ತೆ ಮಲಗು ಎಂದು ಬರೆದಿದ್ದೆ. ಮೇಜಿನ ಮೇಲೆ ಸರಿಯಾಗಿ ನಡೆದಿತ್ತು. ಮೊದಲಿನದೂ ಮೇಜಿನ ಮೇಲೆ ಸರಿಯಾಗಿಯೇ ನಡೆದಿತ್ತು.

ಗೌರವ್ವ ಗದ್ದೆಗೆ ಹೋಗದೆ ತೂಬಿನ ಹತ್ತಿರವೇ ಬಂದು ಕೂತರು. ಕಾಲುವೆಯಿಂದ ಗದ್ದೆಗೆ ನೀರು ಬಿಡುವ ಮಡೆ ತೆಗೆಯಲು ಆಳನ್ನು ಕಳಿಸಿದ್ದರು. ಹುಚ್ಚಪ್ಪ ಹಂಡೆ ತಂದು ಬಟ್ಟಲು ತೇಲಿಬಿಟ್ಟ. ಗೇಟು ಎದ್ದಿತು. ನಾನು ಸ್ಟಾಪ್‌ವಾಚ್ ಒತ್ತಿದೆ.

ಐದು ನಿಮಿಷ ಕಳೆದಿರಲಿಲ್ಲ. ಗೌರವ್ವ ಸೆರಗಿನ ಗಂಟಿನಿಂದ ಫೋನ್ ತೆಗೆದರು. "ಕೇಳ್ಲೇನ್ರಿ?"

"ಕೇಳಿ."

ಮಿಸ್ಡ್ ಕಾಲ್ ಹೋಯಿತು. ಪೆಟ್ಟಿಗೆಯೊಳಗೆ ಸಣ್ಣ ದೀಪವೊಂದು ಮಿನುಗಿತು. ನನ್ನ ಕಣ್ಣು ಗೇಟಿನ ಮೇಲೆ. ಗೇಟು ಅಲುಗಲಿಲ್ಲ. ಸಂದೇಶ ಬಂತು, ಗೌರವ್ವ ಓದಿ, ಮಡಿಲಲ್ಲಿಟ್ಟುಕೊಂಡು, ಮತ್ತೆ ತೆಗೆದರು. ಹನ್ನೊಂದು ಸಲ ಕೇಳಿದರು. ಬೇಕೆಂದೇ ಎರಡು ಸಲ ಬೆನ್ನುಬೆನ್ನಿಗೆ ಕೊಟ್ಟರು. ಪ್ರತಿ ಸಲವೂ ಗೇಟು ನಿಂತಲ್ಲೇ ನಿಂತಿದೆಯೆಂದು ಕಂಡ ಮೇಲೆ ನಾನು ಸ್ಟಾಪ್‌ವಾಚ್ ಕಡೆ ತಿರುಗುತ್ತಿದ್ದೆ. ನಲವತ್ತನೆಯ ನಿಮಿಷ ದಾಟಿತು, ಗೇಟು ಇಳಿಯಲಿಲ್ಲ.

ಅರವತ್ತಕ್ಕೆ ಸರಿಯಾಗಿ ಗೇಟು ಇಳಿಯಿತು. ಹುಚ್ಚಪ್ಪ ಹಂಡೆಯ ಮೇಲೆ ಬಾಗಿ ಕೈಯೆತ್ತಿ ನಮ್ಮನ್ನು ತಡೆದ. ಅರ್ಧ ನಿಮಿಷ ಕಳೆದು ಬಟ್ಟಲು ಆರನೆಯ ಸಲ ಮುಳುಗಿತು. "ನಿಮ್ದು ಒಂಚೂರು ಮುಂದೈತ್ರಿ ಮೇಡಂ," ಎಂದ. ಮೊದಲ ಸಲ ನಕ್ಕಿದ್ದ.

ಗೌರವ್ವ ಎದ್ದು ನನ್ನ ನಂಬರು ಕೇಳಿದರು. "ಗೇಟನ್ನ ಕೇಳಿ ಕೇಳಿ ಸಾಕಾತು. ಇನ್ನ ಮ್ಯಾಲೆ ಗದ್ದೆಗೆ ನೀರು ಬಂದಾಗ ನಿಮಗೆ ಒಂದು ರಿಂಗ್ ಕೊಡ್ತನಿ. ನಿಂತಾಗ ಇನ್ನೊಂದು. ನಡುವೆ ಎಷ್ಟಾತು ಅಂತ ನೀವೇ ನೋಡ್ರಿ. ಕಮ್ಮಿ ಬಂದ್ರೆ ನಾ ಅಲ್ಲಿಗೇ ಬರ್ತನಿ."

ಆ ಎಂಟು ಕೆರೆಗಳಲ್ಲಿ ಮೂರು ಕೈಬಿಟ್ಟವು. ಸಾರ್ ನನಗೇನೂ ಅನ್ನಲಿಲ್ಲ, ಆದರೆ ಒಂದು ವರ್ಷ ನನ್ನೊಡನೆ ಕೂತು ಚಹಾ ಕುಡಿಯಲಿಲ್ಲ. ಕಿರಿಯರೇ, ಮಲಗಿಸಿದ ಥ್ರೆಡ್ ಎದ್ದಾಗ ಯಾಕೆ ಎದ್ದೆ ಎಂದು ಕೇಳಿ. ಇದು ಪುಸ್ತಕದಲ್ಲೂ ಇದೆ, ನಾನು ಓದದೆ ದಾಟಿದ ಸಾಲು. ಪುಸ್ತಕದಲ್ಲಿಲ್ಲದ್ದು ಇನ್ನೊಂದು: ನಿಮ್ಮ ದಾಖಲೆ ಮತ್ತು ಒಬ್ಬ ಮನುಷ್ಯರ ಮಾತು ಎದುರುಬದುರಾದಾಗ, ದಾಖಲೆಯನ್ನು ಬರೆದವರೂ ನೀವೇ ಎಂಬುದನ್ನು ಎದ್ದು ನಿಲ್ಲುವ ಮೊದಲು ನೆನಪಿಸಿಕೊಳ್ಳಿ.

ನಾನು ನಿವೃತ್ತಳಾಗಿ ಶಿಕಾರಿಪುರಕ್ಕೆ ಮರಳಿ ಎರಡು ವರ್ಷವಾಯಿತು. ಪೆಟ್ಟಿಗೆಯನ್ನು ಈಗ ಬೇರೆಯವರು ನೋಡಿಕೊಳ್ಳುತ್ತಾರೆ. ಅವರು ಯಾವ ದಿನ ಏನು ಬದಲಿಸುತ್ತಾರೆಂದು ನನಗೆ ತಿಳಿಯುವುದಿಲ್ಲ. ಬೇಸಗೆಯಲ್ಲಿ ಆರು ದಿನಕ್ಕೊಮ್ಮೆ ನನ್ನ ಫೋನು ಒಂದು ಸಲ ರಿಂಗಾಗಿ ನಿಲ್ಲುತ್ತದೆ. ಮನೆಯವರು ಯಾರದೆಂದು ಕೇಳುವುದನ್ನು ಬಿಟ್ಟಿದ್ದಾರೆ. ಆಮೇಲಿನ ಒಂದು ಗಂಟೆ ನಾನು ಯಾವ ಕೆಲಸ ಮಾಡಿದರೂ ಅರ್ಧ ಮನಸ್ಸಿನಲ್ಲೇ ಮಾಡುತ್ತೇನೆ.

ಇವತ್ತು ಪಾಳಿಯ ದಿನ. ಈ ಕೊನೆಯ ಪುಟಗಳನ್ನು ಬರೆಯಲು ಕೂತಾಗ, ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ಮೊದಲ ರಿಂಗ್ ಬಂತು. ಗಡಿಯಾರವನ್ನು ಹಾಳೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಹನ್ನೊಂದು ಹನ್ನೆರಡು. ಹನ್ನೊಂದು ಹದಿನೈದು. ಹದಿನಾರಕ್ಕೆ ಪೆನ್ನು ಕೆಳಗಿಟ್ಟೆ.

ಹದಿನೇಳಕ್ಕೆ ಫೋನು ಒಂದು ಸಲ ರಿಂಗಾಗಿ ನಿಂತಿತು.